ಬದುವಿಲ್ಲದ ನೀರು

ನಕಾಶೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಗುರುಮಠಕಲ್‌ನಿಂದ ಪಡುವಣ ಕಡಲು ಸುಮಾರು 400 ಕಿಲೋಮೀಟರ್ ದೂರ. ಮೂಡಣ ಕಡಲು ಅದಕ್ಕಿಂತ ತುಸು ಹತ್ತಿರ. ಎರಡು ಕಡಲುಗಳ ನಡುವೆ ಕುಳಿತ ಊರು ನಮ್ಮದು. ಮುಂಗಾರಿನ ಮೋಡ ಪಡುವಣದಿಂದ ಬಂದು ಸುರಿಯುತ್ತದೆ. ಆ ನೀರು ಹಳ್ಳಕೊಳ್ಳ ಹಿಡಿದು, ಕೃಷ್ಣೆಯ ಪಾಲಾಗಿ, ಆಂಧ್ರದ ಹಂಸಲದೀವಿಯ ಹತ್ತಿರ ಮೂಡಣ ಕಡಲಿಗೆ ಇಳಿಯುತ್ತದೆ. ಮನೆಯೊಳಗೆ ಹಾಸಿದ ಶಹಾಬಾದಿ ಫರಸಿಯೂ ಕಡಲಿನದೇ. ಶಹಾಬಾದ್, ಸೇಡಂ, ಶಹಾಪುರದ ಗೋಗಿ ಸೀಮೆಯಲ್ಲಿ ಸಿಗುವ ಸುಣ್ಣಗಲ್ಲು, ಮೀನೆಂಬ ಜೀವ ಹುಟ್ಟುವುದಕ್ಕೂ ಮೊದಲು ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರು ಪದರಾಗಿ ಕೂತದ್ದು ಎನ್ನುತ್ತಾರೆ ಭೂವಿಜ್ಞಾನಿಗಳು. ಬೆಳಗಿನ ಜಾವ ಬರಿಗಾಲಲ್ಲಿ ಆ ತಂಪುಗಲ್ಲಿನ ಮೇಲೆ ನಿಂತಾಗ ಕಡಲೆಂಬುದು ನಮಗೆ ಪರದೇಶವೇನಲ್ಲ ಅನ್ನಿಸುತ್ತದೆ.

ತೊಗರಿ ರಾಶಿ ಮುಗಿದ ಮೇಲೆ ನಾವು ಕೆಲವರು ಗೆಳೆಯರು ಮೀನು ಹಿಡಿಯಲು ಗಂಗೊಳ್ಳಿಗೆ ಹೋಗುತ್ತೇವೆ. ಒಬ್ಬ ಶಹಾಪುರದಲ್ಲಿ ಸಾಲಿ ಮಾಸ್ತರ, ಒಬ್ಬನದು ಸುರಪುರದಲ್ಲಿ ಗೊಬ್ಬರದ ಅಂಗಡಿ, ಒಬ್ಬ ಹೈದರಾಬಾದಿನಲ್ಲಿ ನೌಕರಿ ಮಾಡುತ್ತಾನೆ, ಉಳಿದವರು ಊರಲ್ಲೇ ಒಕ್ಕಲುತನ. ಕುಂದಾಪುರದ ಪಕ್ಕ ಐದು ನದಿಗಳು ಕೂಡಿ ಕಡಲು ಸೇರುವ ಜಾಗ ಗಂಗೊಳ್ಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ. ಒಟ್ಟಾಗಿ ಪಂಚಗಂಗಾವಳಿ ಎನ್ನುತ್ತಾರೆ. ಅಲ್ಲಿಯ ಅಳಿವೆಯಲ್ಲಿ ಪರಿಚಯದ ಖಾರ್ವಿ ಹಿರಿಯರೊಬ್ಬರ ನಾಡದೋಣಿ ಇದೆ. ಕೈಗಾಳಕ್ಕೆ ಸೀಗಡಿ ಚುಚ್ಚಿ, ದಂಡೆ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಬಿಟ್ಟು ಕೂರುತ್ತೇವೆ. ಹೊರಡುವ ಹೊತ್ತನ್ನು ಗೊತ್ತುಮಾಡುವುದು ನೀರು. ಇವತ್ತು ಉಬ್ಬರ ಬಂದ ವೇಳೆಗೆ ನಾಳೆ ಬರುವುದಿಲ್ಲ. ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಏರುವ ನೀರಿನ ಜೊತೆ ಮೀನು ಅಳಿವೆಯ ಒಳಕ್ಕೆ ಬರುತ್ತದೆಂದು ಆ ಹಿರಿಯರು ಅದನ್ನೇ ಕಾಯುತ್ತಾರೆ. ಕಾಲುವೆಯ ನೀರಿಗೆ ಸರದಿ ಕಾದು ರೂಢಿಯಾದ ನಮಗೆ ಈ ಕಾಯುವಿಕೆ ಕಷ್ಟವೆನಿಸುವುದಿಲ್ಲ.

ಗೆಳೆಯರಲ್ಲೊಬ್ಬ ಭೀಮೆಯ ದಂಡೆಯ ಕಬ್ಬಲಿಗರ ಮನೆಯವನು. ಅವನ ಅಜ್ಜ ಹರಿಗೋಲು ಹಾಕುತ್ತಿದ್ದವರು, ಹೊಳೆಯಲ್ಲಿ ಬಲೆ ಬೀಸಿದವರು. ಗಾಳದ ದಾರಕ್ಕೆ ಇವನು ಗಂಟು ಹಾಕುವುದನ್ನು ನೋಡಿ ದೋಣಿಯ ಹಿರಿಯರು, ‘ಇದ್ ನಮ್ಮ ಗಂಟೇ ಅಲ್ದಾ’ ಎಂದು ಅವನ ಕೈ ಹಿಡಿದುಕೊಂಡು ನೋಡಿದರು. ಅವತ್ತಿನಿಂದ ಅವರಿಬ್ಬರಿಗೂ ಬೇರೆಯೇ ಸಲಿಗೆ.

ಆ ದೋಣಿಯಲ್ಲಿ ಕೂತಾಗೆಲ್ಲ ನನ್ನ ಮನಸ್ಸಿಗೆ ಬರುವುದು ಬದು. ನಮ್ಮ ಕಡೆ ಬದುಕು ಬದುವಿನ ಮೇಲೆ ನಿಂತಿದೆ. ಹೊಲ ಎಲ್ಲಿ ಮುಗಿಯಿತು, ಪಕ್ಕದವನದು ಎಲ್ಲಿ ಸುರುವಾಯಿತು ಎಂಬುದನ್ನು ಬದು ಹೇಳುತ್ತದೆ. ಒಂದು ಗೇಣು ಬದು ಒತ್ತಿದ್ದಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ಪ್ರತಿ ಹಳ್ಳಿಯಲ್ಲೂ ಇವೆ. ಕಡಲಿಗೆ ಬದುವಿಲ್ಲ. ಬಂಗಡೆಯ ಹಿಂಡು ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಬಿತ್ತದವರೂ ಕೊಯ್ಯಬಹುದಾದ ಹೊಲ ಅದು. ಹಾಗಿದ್ದ ಮೇಲೆ ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಬೇಕು, ತೆಗೆದದ್ದು ಯಾರಿಗೆ ಎಂಬುದನ್ನು ಯಾರು ಹೇಳಬೇಕು?

ಕರಾವಳಿಯ ಜನ ಇದಕ್ಕೆ ಒಂದು ಕಾಲದಲ್ಲಿ ಚೆಂದದ ಉತ್ತರ ಕಂಡುಕೊಂಡಿದ್ದರು. ಕಾರವಾರದಿಂದ ಉಡುಪಿಯ ತನಕ ರಂಪಣಿ ಬಲೆ ನಡೆಯುತ್ತಿತ್ತು. ಬಂಗಡೆ, ತಾರಲೆಯ ಹಿಂಡು ದಂಡೆಯ ಹತ್ತಿರ ಬಂದದ್ದು ಕಂಡರೆ ದೋಣಿಯೊಂದು ಉದ್ದನೆಯ ಬಲೆಯನ್ನು ಅರ್ಧಚಂದ್ರದ ಹಾಗೆ ಇಳಿಸುತ್ತಾ ಹೋಗಿ ಮತ್ತೆ ದಂಡೆ ಮುಟ್ಟುತ್ತಿತ್ತು. ಎರಡೂ ತುದಿಯ ಹಗ್ಗಗಳನ್ನು ಮರಳ ಮೇಲೆ ನಿಂತು ಎಳೆಯಬೇಕು. ಹತ್ತಾರು ಆಳುಗಳಿಲ್ಲದೆ ಬಲೆ ಮೇಲೆ ಬಾರದು. ಹಿಡಿದ ಮೀನಿನಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ಹಗ್ಗ ಎಳೆದ ಕೈಗಳಿಗೆ ಪಾಲು. ಒಬ್ಬನೇ ಎಳೆಯಲಾಗದ ಬಲೆ ಆದ್ದರಿಂದಲೇ ಅದರ ಮೀನು ಒಬ್ಬನದೇ ಆಗುತ್ತಿರಲಿಲ್ಲ. ಕಣದಲ್ಲಿ ರಾಶಿ ಆದಾಗ ಆಯಗಾರರಿಗೆ ಅಳೆದು ಕೊಡುತ್ತಿದ್ದ ನಮ್ಮ ಹಿರಿಯರಿಗೆ ಈ ಲೆಕ್ಕ ವಿವರಿಸಿ ಹೇಳಬೇಕಾಗಿರಲಿಲ್ಲ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ಎಂಜಿನ್ ಬೋಟಿನಿಂದ ಹಿಂಡನ್ನು ಕಡಲಿನ ನಡುವೆಯೇ ಸುತ್ತುಗಟ್ಟಿ, ಬಲೆಯ ಅಡಿಯನ್ನು ಚೀಲದ ಬಾಯಿ ಬಿಗಿದಂತೆ ಬಿಗಿದು ಎತ್ತುವ ವಿಧಾನ. ಹಿಂಡು ದಂಡೆಗೆ ಬರುವ ಮೊದಲೇ ಅಲ್ಲಿ ಮುಗಿದುಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಸಣ್ಣದಾದ ಕೈರಂಪಣಿ ಮಾತ್ರ ಈಗಲೂ ಅಲ್ಲಲ್ಲಿ ಕಾಣುತ್ತದೆ. ಹೊಸ ಬಲೆಯಿಂದ ಮೀನು ಹೆಚ್ಚು ಸಿಕ್ಕಿತು, ಬಂದರುಗಳು ಬೆಳೆದವು, ಎಷ್ಟೋ ಮನೆಗಳಿಗೆ ಹೆಂಚು ಬಂತು, ಅದನ್ನು ಅಲ್ಲಗಳೆಯಲಾರೆ. ಆದರೆ ಹಗ್ಗ ಎಳೆಯಲು ಮರಳ ಮೇಲೆ ಕಾದು ನಿಂತ ಜನರ ಪಾಲು ಯಾವ ಲೆಕ್ಕದಲ್ಲೂ ಬರದೆ ಹೋಯಿತು. ಆ ನಷ್ಟವೇ ದೊಡ್ಡದು ಎಂದು ನನ್ನ ಎಣಿಕೆ.

ಆಮೇಲೆ ಸರಕಾರ ಕಾಗದದ ಮೇಲೆ ಬದು ಹಾಕಿತು. 1986ರಲ್ಲಿ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ದಂಡೆಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ನೀರಿನಲ್ಲಿ ಮೀನುಗಾರಿಕೆಯ ನಿಯಮ ರಾಜ್ಯದ್ದು. ಅದರಾಚೆ 200 ನಾಟಿಕಲ್ ಮೈಲಿಯ ತನಕ ಕೇಂದ್ರದ್ದು. 200 ಎಂದರೆ ಸುಮಾರು 370 ಕಿಲೋಮೀಟರ್. ಗುರುಮಠಕಲ್ ದಂಡೆಯಿಂದ ಎಷ್ಟು ಒಳಗಿದೆಯೋ ಹೆಚ್ಚುಕಡಿಮೆ ಅಷ್ಟೇ ದೂರ ಕಡಲಿನ ಒಳಕ್ಕೆ ನಮ್ಮ ದೇಶದ ಹಕ್ಕು ಚಾಚಿದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರಬೇಕು. ಅದು ಬಹಳಷ್ಟು ಮೀನುಗಳು ಮೊಟ್ಟೆಯಿಡುವ ಕಾಲ. ಪ್ರಖರ ದೀಪ ಉರಿಸಿ ರಾತ್ರಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ 2017ರಲ್ಲಿ ನಿಷೇಧಿಸಿತು.

ಇತ್ತ ಕಾಣುವ ಕಣ್ಣೂ ಹರಿತವಾಗಿದೆ. ಕಡಲಿನ ಯಾವ ಭಾಗದಲ್ಲಿ ಮೀನು ಸಿಗಬಹುದು ಎಂಬ ಸೂಚನೆ ಮೀನುಗಾರರಿಗೆ ಬರುವುದು ನಮ್ಮೂರಿಗೆ ಹತ್ತಿರದ ಮಹಾನಗರವಾದ ಹೈದರಾಬಾದಿನಿಂದ. ಅಲ್ಲಿರುವ ಇನ್‌ಕಾಯಿಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ, ಉಪಗ್ರಹದಿಂದ ಕಡಲ ಮೇಲ್ಮೈಯ ಶಾಖವನ್ನೂ ಹಸಿರು ಪಾಚಿಯ ಸಾಂದ್ರತೆಯನ್ನೂ ಓದಿ, ಮೀನು ಎಲ್ಲಿ ನೆರೆದಿರಬಹುದು ಎಂದು ಹೇಳುತ್ತದೆ. ಎತ್ತರದ ಅಲೆಯ ಮುನ್ಸೂಚನೆಯನ್ನೂ ಕೊಡುತ್ತದೆ. ಅದರಿಂದ ಡೀಸೆಲ್ ಉಳಿದಿದೆ, ಜೀವಗಳೂ ಉಳಿದಿವೆ. ಮೀನು ಎಲ್ಲಿದೆ ಎಂಬುದನ್ನು ಹೇಳಲು ಇಷ್ಟು ದೊಡ್ಡ ಏರ್ಪಾಡಿದೆ. ಸಾಕು ಎನ್ನಬೇಕಾದ ಹೊತ್ತು ಯಾವುದೆಂದು ಮಾತ್ರ ದೋಣಿಯಲ್ಲಿ ಕೂತವರೇ ತೀರ್ಮಾನಿಸಬೇಕು.

ಗಂಗೊಳ್ಳಿಯ ಹಿರಿಯರಿಗೆ ಆ ತೀರ್ಮಾನ ಉಸಿರಾಟದಷ್ಟು ಸಹಜ. ಗಾಳಕ್ಕೆ ಮೀನು ಒಂದರ ಹಿಂದೊಂದು ಕಚ್ಚುತ್ತಿದೆ, ನಮ್ಮ ಮಾಸ್ತರನ ಮುಖ ಅರಳಿದೆ, ಅಂಥ ಹೊತ್ತಿನಲ್ಲೇ ಅವರು ಹುಟ್ಟಿಗೆ ಕೈ ಹಾಕಿ, ‘ಸಾಕ್ ಮಾರ್ರೆ, ಇನ್ ಹ್ವಾಪ’ ಎಂದುಬಿಡುತ್ತಾರೆ. ‘ಇನ್ನೊಂದೀಟು ಹೊತ್ತು ಕುಂದ್ರೋಣ್ರಿ ಯಜಮಾನ್ರ’ ಎಂದು ಇವನು ಬೇಡಿಕೊಂಡರೂ ಕೇಳುವುದಿಲ್ಲ. ಒಮ್ಮೆ ಗಾಳಿ ತಿರುಗಿದೆ ಎನ್ನುತ್ತಾರೆ. ಇನ್ನೊಮ್ಮೆ ಏನನ್ನೂ ಹೇಳುವುದಿಲ್ಲ. ಅಂಗೈಗಿಂತ ಚಿಕ್ಕ ಮೀನು ಗಾಳಕ್ಕೆ ಸಿಕ್ಕರೆ ಕೊಕ್ಕೆ ಬಿಡಿಸಿ ನೀರಿಗೆ ಬಿಡುತ್ತಾರೆ, ಅದನ್ನೂ ಏನೂ ಹೇಳದೆಯೇ ಮಾಡುತ್ತಾರೆ. ಅವರ ಜೊತೆ ಹೋಗಿಬಂದ ಮೇಲೆ ನಮ್ಮ ನಮ್ಮಲ್ಲಿ ಮಾತು ಹೆಚ್ಚಾದಾಗಲೂ ಯಾರಾದರೊಬ್ಬರು ‘ಹ್ವಾಪ’ ಎನ್ನುವುದು ರೂಢಿಯಾಗಿದೆ. ಅಲ್ಲಿಗೆ ಜಗಳ ನಿಲ್ಲುತ್ತದೆ.

ದಂಡೆ ಕಾಣದ ನೀರಿನ ಮಾತೇ ಬೇರೆ. ಮಲ್ಪೆಯಿಂದ ಆಳ ಸಮುದ್ರಕ್ಕೆ ಹೋಗುವ ಬೋಟುಗಳು ವಾರ, ಹತ್ತು ದಿನ ಹಿಂದಿರುಗುವುದಿಲ್ಲ. ಮಂಜುಗಡ್ಡೆ, ಡೀಸೆಲ್, ಅಕ್ಕಿ, ಕುಡಿಯುವ ನೀರು ತುಂಬಿಕೊಂಡು ಬೋಟು ನಡೆಸುವ ತಾಂಡೇಲ ಮತ್ತು ಅದರಲ್ಲಿ ದುಡಿಯುವ ಕಲಾಸಿಗಳು ಹೊರಟರೆಂದರೆ, ಅಲ್ಲಿ ಒಬ್ಬರಿಗೆ ಇನ್ನೊಬ್ಬರೇ ಊರು. 2018ರ ಡಿಸೆಂಬರ್ 13ರಂದು ಹಾಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟಿನ ಏಳು ಜನರ ಸಂಪರ್ಕ 15ರಂದು ಕಡಿದುಹೋಯಿತು. ಮಲ್ಪೆಯವರ ಜೊತೆ ಉತ್ತರ ಕನ್ನಡದವರೂ ಅದರಲ್ಲಿದ್ದರು. ಮುಂದಿನ ಜನವರಿಯಲ್ಲಿ ಮೀನುಗಾರರು ಕೆಲಸ ನಿಲ್ಲಿಸಿ ಉಡುಪಿಯಲ್ಲಿ ಹೆದ್ದಾರಿಗೆ ಬಂದು ಕೂತರು. ಆ ಏಳು ಜನರನ್ನು ಹುಡುಕಿಕೊಡಿ ಎಂಬುದು ಅವರ ಬೇಡಿಕೆ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಆಚೆ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಜನ ಸಿಗಲಿಲ್ಲ. ಆ ಸುದ್ದಿಯನ್ನು ನಾವು ಊರಲ್ಲಿ ಓದಿದಾಗ, ಬೆಂಗಳೂರು, ಮುಂಬೈಗಳಿಗೆ ದುಡಿಯಲು ಹೋಗಿ ಫೋನು ಹತ್ತದೆ ಉಳಿದ ನಮ್ಮವರ ಮನೆಗಳ ನೆನಪಾಯಿತು. ತಮ್ಮ ಬೋಟಿನವರಲ್ಲದ ಏಳು ಜನರಿಗಾಗಿ ಸಾವಿರಾರು ಜನ ಬಲೆ ಬದಿಗಿಟ್ಟದ್ದು, ರಂಪಣಿಯ ಹಗ್ಗ ಕೈತಪ್ಪಿದ ಮೇಲೂ ಅದರ ಪಾಲಿನ ಲೆಕ್ಕ ಅಲ್ಲಿಯ ಜನರಲ್ಲಿ ಉಳಿದಿದೆ ಎಂಬುದಕ್ಕೆ ನನಗೆ ಸಾಕ್ಷಿ.

ಶ್ರಾವಣದ ನೂಲ ಹುಣ್ಣಿಮೆಗೆ ಮಲ್ಪೆಯ ವಡಭಾಂಡೇಶ್ವರದಲ್ಲಿ ಮೊಗವೀರರು ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ. ಆ ವರ್ಷದ ಮೀನುಗಾರಿಕೆ ತುಂಬು ಭರದಿಂದ ಸುರುವಾಗುವ ಕಾಲ ಅದು. ನಮ್ಮಲ್ಲಿ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ, ಆಮೇಲೆ ಬಂಧುಬಳಗ, ಗೆಳೆಯರು, ದಾರಿಹೋಕರೆನ್ನದೆ ಎಲ್ಲರನ್ನೂ ಕೂರಿಸಿ ಉಣ್ಣುತ್ತೇವೆ. ಬೆಳೆ ಇನ್ನೂ ನಿಂತಿರುತ್ತದೆ, ಕೈಗೆ ಬಂದಿರುವುದಿಲ್ಲ. ತೆಗೆದುಕೊಳ್ಳುವ ಮುಂಚೆ ಕೊಡುವ ಈ ನಡವಳಿಕೆ ಎರಡೂ ಕಡೆ ಇದೆ. ಚರಗ ಚೆಲ್ಲುವಾಗ ಅನ್ನ ಬದು ನೋಡಿ ಬೀಳುವುದಿಲ್ಲ. ಪಕ್ಕದವನ ಹೊಲಕ್ಕೂ ಒಂದಿಷ್ಟು ಬೀಳುತ್ತದೆ. ಯಾರೂ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ.

ದೋಣಿ ದಂಡೆಗೆ ಬಂದ ಮೇಲೆ ನಮ್ಮ ಮೀನನ್ನು ಮರಳಿನ ಮೇಲೆ ಗುಂಪು ಮಾಡುತ್ತೇವೆ. ಮೊದಲ ಗುಂಪು ದೋಣಿಗೆ, ಆಮೇಲೆ ಹಿರಿಯರಿಗೆ, ಆಮೇಲೆ ನಮಗೆ. ಬರಲಾಗದೆ ಊರಲ್ಲಿ ಉಳಿದ ಗೆಳೆಯ ಇದ್ದರೆ ಅವನ ಹೆಸರಲ್ಲೂ ಒಂದು ಪಾಲು ತೆಗೆದು ಹಿರಿಯರ ಮನೆಯಲ್ಲೇ ಕೊಟ್ಟು ಬರುತ್ತೇವೆ. ಅವರ ಹೆಂಡತಿ ಅದನ್ನು ಉಪ್ಪು ಹಾಕಿ ಒಣಗಿಸಿ, ನಾವು ಹೊರಡುವ ದಿನ ಕಾಗದದಲ್ಲಿ ಸುತ್ತಿ ಕೈಗಿಡುತ್ತಾರೆ. ನಾವು ಒಯ್ದ ತೊಗರಿಬೇಳೆ, ಜೋಳದ ಕಟಿರೊಟ್ಟಿ ಅವರ ಮನೆಯಲ್ಲಿ ಉಳಿಯುತ್ತದೆ.

ಈ ಸಲ ಹೊರಡುವ ಮಾತು ನಡೆದಿದೆ. ನಮ್ಮ ಗುಂಪಿನ ಒಬ್ಬನಿಗೆ ತಮ್ಮನೊಡನೆ ಬದುವಿನ ಕೇಸು ಇದೆ. ಯಾದಗಿರಿಯ ಕೋರ್ಟಿಗೆ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಹೋಗಿಬರುತ್ತಾರೆ. ಇಬ್ಬರ ವಕೀಲರೂ ಬೇರೆ ಬೇರೆ. ಮೊನ್ನೆ ಅವನೇ ನಮ್ಮ ಕಟ್ಟೆಗೆ ಬಂದು ಕೂತು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಮ್ಮನ್ನೂ ಕರಕೊಂಡು ಬರ್ತೀನಿ, ನಡೀತದ?’ ಎಂದ. ನಡೀತದ ಎಂದೆವು. ಮುಂದಿನ ತಾರೀಖು ಫೆಬ್ರುವರಿಯಲ್ಲಿದೆಯಂತೆ. ಅದಕ್ಕೂ ಮೊದಲೇ ಹೋಗಿ ಬರೋಣ ಎಂದು ಎಲ್ಲರೂ ಕೂಡಿ ಗೊತ್ತು ಮಾಡಿದ್ದೇವೆ.