ಪದಕದ ಬೆಲೆಯನ್ನು ಕೊಟ್ಟವರು ಯಾರು?

ಒಬ್ಬನು ತನ್ನ ಮನೆಗೆ ಒಳ್ಳೇ ಹೆಸರು ಬರಬೇಕೆಂದು ಬಯಸುವದು ತಪ್ಪಲ್ಲ. ಒಂದು ದೇಶವು ಲೋಕದ ಮುಂದೆ ಮಾನವನ್ನು ಬಯಸುವದೂ ತಪ್ಪಲ್ಲ. ಆದರೆ ಆ ಮಾನಕ್ಕೆ ಕೊಟ್ಟ ಬೆಲೆ ಏನು, ಅದನ್ನು ಕೊಟ್ಟವರು ಯಾರು ಎಂದು ವಿಚಾರಿಸುವದು ಅವಶ್ಯ. ಇದಕ್ಕೆ ಪೂರ್ವ ಜರ್ಮನಿಯ ವೃತ್ತಾಂತವು ತಕ್ಕ ದೃಷ್ಟಾಂತವಾಗಿದೆ.

ಈ ರಾಜ್ಯವು ಎರಡನೆಯ ಮಹಾಯುದ್ಧದ ತರುವಾಯ 1949ರಲ್ಲಿ ಸ್ಥಾಪಿಸಲ್ಪಟ್ಟಿತು. ಬಹು ವರುಷಗಳ ವರೆಗೆ ಹೆಚ್ಚಿನ ದೇಶಗಳು ಅದನ್ನು ಪ್ರತ್ಯೇಕ ರಾಷ್ಟ್ರವೆಂದು ಒಪ್ಪಲಿಲ್ಲ. 1956ರಿಂದ 1964ರ ವರೆಗೆ ಒಲಿಂಪಿಕ್ ಆಟಗಳಲ್ಲಿ ಅದರ ಆಟಗಾರರು ಪಶ್ಚಿಮ ಜರ್ಮನಿಯವರೊಂದಿಗೆ ಒಂದೇ ತಂಡವಾಗಿ ಆಡಬೇಕಾಗಿತ್ತು. ರಾಯಭಾರಿಗಳಿಂದ ಆಗದ ಕೆಲಸವನ್ನು ಆಟಗಾರರಿಂದ ಮಾಡಿಸಬೇಕೆಂದು ಅಧಿಕಾರಿಗಳು ಯೋಚಿಸಿದರು. 1972ರಲ್ಲಿ ಪಶ್ಚಿಮ ಜರ್ಮನಿಯ ಮ್ಯೂನಿಕ್ ಪಟ್ಟಣದಲ್ಲಿಯೇ ಅವರ ಸ್ವಂತ ಧ್ವಜವು ಏರಿತು. ಅವರ ರಾಷ್ಟ್ರಗೀತವು ಕೇಳಿಸಿತು. 1976ರಲ್ಲಿ ಮಾಂಟ್ರಿಯಲ್ ನಗರದಲ್ಲಿ, ಎರಡು ಕೋಟಿಗಿಂತ ಕಡಿಮೆ ಜನರುಳ್ಳ ಆ ದೇಶವು 40 ಚಿನ್ನದ ಪದಕಗಳನ್ನು ಗೆದ್ದು ಅಮೇರಿಕವನ್ನೂ ಹಿಂದೆ ಹಾಕಿತು. ಸ್ತ್ರೀಯರ ಈಜಿನ 13 ಪಂದ್ಯಗಳಲ್ಲಿ 11 ಅದರ ಪಾಲಾದವು. ಲೋಕವು ಬೆರಗಾಯಿತು.

ಆದರೆ ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಯಂತೆ ಆಯಿತು. 1974ರಿಂದ ಸರಕಾರದ ಗುಪ್ತ ಯೋಜನೆಯ ಪ್ರಕಾರ ಆಟಗಾರರಿಗೆ ಬಲವನ್ನು ಹೆಚ್ಚಿಸುವ ಔಷಧಗಳು ಕೊಡಲ್ಪಡುತ್ತಿದ್ದವು. ಎಳೇ ಪ್ರಾಯದ ಹುಡುಗಿಯರಿಗೂ ನೀಲಿ ಗುಳಿಗೆಗಳನ್ನು ಕೊಟ್ಟು, ಇವು ಜೀವಸತ್ವಗಳೆಂದು ಹೇಳಿದರು. ಅವರಲ್ಲಿ ಅನೇಕರ ಧ್ವನಿಯು ಗಂಡಸರಂತೆ ಗಡುಸಾಯಿತು. ಕೆಲವರು ದೊಡ್ಡವರಾದ ಮೇಲೆ ಯಕೃತ್ತಿನ ರೋಗದಿಂದಲೂ ಗರ್ಭದ ತೊಂದರೆಗಳಿಂದಲೂ ಕಷ್ಟಪಟ್ಟರು. 1990ರಲ್ಲಿ ಆ ರಾಜ್ಯವು ಇಲ್ಲದೆ ಹೋದ ಮೇಲೆ ಅದರ ಗುಪ್ತ ಕಾಗದಗಳು ಬೈಲಿಗೆ ಬಂದವು. 2000ದಲ್ಲಿ ಬರ್ಲಿನ್ ನ್ಯಾಯಸ್ಥಾನವು ಆ ದೇಶದ ಕ್ರೀಡಾಧಿಪತಿಯಾಗಿದ್ದ ಮಾನ್‌ಫ್ರೆಡ್ ಎವಾಲ್ಡನನ್ನು ಅಪರಾಧಿಯೆಂದು ತೀರ್ಪು ಮಾಡಿತು.

ಬೇರೆ ದೇಶದವರೂ ಇಂಥ ಔಷಧಗಳನ್ನು ತೆಗೆದುಕೊಂಡರಲ್ಲಾ ಎಂದು ಕೆಲವರು ಹೇಳುವರು. ಅದು ನಿಜವೇ. ಆದರೆ ಪ್ರಾಯಸ್ಥನು ತಿಳಿದು ಮಾಡುವ ಮೋಸವು ಬೇರೆ. ಏನೂ ತಿಳಿಯದ ಮಗುವಿನ ಶರೀರವನ್ನು ರಾಜ್ಯವು ತನ್ನ ಕೀರ್ತಿಗಾಗಿ ಕೆಡಿಸುವದು ಬೇರೆ. ಆ ಹುಡುಗಿಯರ ಪ್ರಯಾಸವು ಸುಳ್ಳಲ್ಲ. ದಿನದಿನವೂ ದಣಿದವರು ಅವರೇ. ಆದದರಿಂದ ನಾಚಿಕೆಯೂ ಅವರದಲ್ಲ. ಮಾನವು ರಾಜ್ಯಕ್ಕೆ ಸಂದಿತು, ನೋವು ಮಕ್ಕಳಿಗೆ ಉಳಿಯಿತು. ಅನ್ಯಾಯವೆಂಬದು ಇದೇ.

ಇದು ದೂರ ದೇಶದ ಸಂಗತಿಯೆಂದು ಸುಮ್ಮನಿರಬಾರದು. ತನ್ನ ಮನೆತನದ ಹೆಸರಿಗಾಗಿ ಮಗುವಿನ ಶಕ್ತಿಗೆ ಮೀರಿದ ಹೊರೆಯನ್ನು ಹೊರಿಸುವ ತಂದೆಯು ಅದೇ ದಾರಿಯ ಮೊದಲನೆಯ ಹೆಜ್ಜೆಯನ್ನು ಇಟ್ಟಿದ್ದಾನೆ. ಮಗುವು ಗೆದ್ದಾಗ ಸಂತೋಷಪಡೋಣ. ಆದರೆ ಆ ಗೆಲುವು ಮಗುವಿನದೋ ನಮ್ಮದೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.