ಇಂದಿನ ಧಮ್ಮ ಚಿಂತನೆ: ಬೀಳ್ಕೊಡುಗೆಯ ಭಾಷಣ



ಹತ್ತನೇ ತರಗತಿ ಪರೀಕ್ಷೆ ಹತ್ತಿರ ಬಂತು. ಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭ ನಡೆಯುತ್ತಿವೆ. ನಾನು ಕನ್ನಡ ಎಂ.ಎ. ಓದಿದವನು ಅಂತ ನಮ್ಮ ಬಳಗದ ಮಕ್ಕಳು ಭಾಷಣ ಬರೆದು ನನಗೆ ಕಳಿಸುತ್ತಾರೆ, ತಿದ್ದಿಕೊಡಿ ಅಂತ. ಮೊನ್ನೆ ಒಬ್ಬ ಮಗಳು ಕಳಿಸಿದ್ದಳು. ಅಕ್ಷರ ಮುತ್ತಿನ ಹಾಗೆ. ಅದರಲ್ಲಿ ಒಂದು ಸಾಲು ಹೀಗಿತ್ತು: ಈ ಮೂರು ವರ್ಷ ನಾವು ಯಾವ ಭೇದಭಾವವೂ ಇಲ್ಲದೆ ಒಂದೇ ತಾಯಿಯ ಮಕ್ಕಳಂತೆ ಇದ್ದೆವು.

ಫೋನ್ ಮಾಡಿದೆ. "ಹಾಗೇ ಇತ್ತೇನಮ್ಮ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಎಲ್ಲರೂ ಹಾಗೇ ಬರೀತಾರಲ್ಲ ಅಂಕಲ್" ಅಂದಳು.

ಇದೇ ಸಾಲನ್ನು 1996ರಲ್ಲಿ ನಾನೂ ಹೇಳಿದ್ದೆ. ಆ ಕಥೆಯನ್ನು ಇಷ್ಟು ವರ್ಷ ಬಳಗದಲ್ಲಿ ಯಾರಿಗೂ ಹೇಳಿರಲಿಲ್ಲ.

ನಮ್ಮ ತಂದೆ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ಹೋಬಳಿ ಊರಿನಲ್ಲಿ ಬಾಡಿಗೆ ಮನೆ. ಮನೆ ಮಾಲೀಕರಿಗೆ ನಾವು ಯಾರು ಅಂತ ಗೊತ್ತಿರಲಿಲ್ಲ, ಗೊತ್ತಾಗಬಾರದು ಅಂತ ನಮಗೆ ಕಟ್ಟಪ್ಪಣೆಯಿತ್ತು. ಬಾಬಾಸಾಹೇಬರ ಫೋಟೋ ಇತ್ತು, ಆದರೆ ಒಳಕೋಣೆಯಲ್ಲಿ, ಬೀರುವಿನ ಮಗ್ಗುಲಲ್ಲಿ. ಎಂಟನೇ ತರಗತಿಗೆ ಸೇರಿದಾಗ ಅದೇ ತರಗತಿಗೆ ನಮ್ಮ ತಾಯಿಯ ಊರಿನ ಹುಡುಗ ಒಬ್ಬ ಬಂದ. ದೂರದ ನೆಂಟನೂ ಹೌದು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದ. ಇಬ್ಬರೂ ಒಂದೇ ಬೆಂಚು.

ಒಂದು ದಿನ ಮೇಷ್ಟ್ರು ರಿಜಿಸ್ಟರ್ ಹಿಡಿದುಕೊಂಡು ಬಂದು, ಸ್ಕಾಲರ್‌ಶಿಪ್ ಬರುವ ಎಸ್‌ಸಿ ಹುಡುಗರು ಎದ್ದು ನಿಲ್ಲಿ ಅಂದರು. ನಿಮ್ಮಲ್ಲಿ ಬಹಳ ಜನಕ್ಕೆ ಈ ದೃಶ್ಯ ವಿವರಿಸಬೇಕಾಗಿಲ್ಲ. ಆರೇಳು ಜನ ಎದ್ದರು. ನನ್ನ ಪಕ್ಕದವನೂ ಎದ್ದ. ನಾನು ಜಾಮಿಟ್ರಿ ಬಾಕ್ಸ್ ತೆಗೆದು ಅದರೊಳಗೆ ಏನೋ ಹುಡುಕುತ್ತಾ ಕೂತೆ. ಅವನು ಒಮ್ಮೆ ಕೆಳಗೆ ನನ್ನ ಕಡೆ ನೋಡಿದ, ಆಮೇಲೆ ಬೋರ್ಡಿನ ಕಡೆ ತಿರುಗಿಕೊಂಡ. ಸಂಜೆ ಎಲ್ಲರೂ ಹೋದ ಮೇಲೆ ನಾನು ಆಫೀಸಿಗೆ ಹೋಗಿ ಗುಮಾಸ್ತರ ಕೈಗೆ ಜಾತಿ ಸರ್ಟಿಫಿಕೇಟ್ ಕೊಟ್ಟು ಬಂದೆ. ಎದ್ದು ನಿಲ್ಲುವುದು ಬೇಡ, ದುಡ್ಡು ಮಾತ್ರ ಬೇಕು.

ಮೂರು ವರ್ಷ ಹೀಗೇ ನಡೆಯಿತು. ಅವನು ಯಾರಿಗೂ ಹೇಳಲಿಲ್ಲ. ನನ್ನನ್ನೂ ಕೇಳಲಿಲ್ಲ.

ಬೀಳ್ಕೊಡುಗೆ ದಿನ ತರಗತಿಯ ಪರವಾಗಿ ಮಾತಾಡಿದವನು ನಾನೇ. ಭೇದವಿಲ್ಲ, ಒಂದೇ ತಾಯಿಯ ಮಕ್ಕಳು, ಎಲ್ಲ ಹೇಳಿದೆ. ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡರು, ಮೇಷ್ಟ್ರುಗಳು ಬೆನ್ನು ತಟ್ಟಿದರು. ಗ್ರೂಪ್ ಫೋಟೋದಲ್ಲಿ ನಾನು ಮುಂದಿನ ಸಾಲು. ಅವನು ಕಡೇ ಸಾಲಿನ ತುದಿ, ಅರ್ಧ ಮುಖ ಮಾತ್ರ ಬಿದ್ದಿದೆ. ಗಣಿತ, ಇಂಗ್ಲಿಷ್ ಎರಡರಲ್ಲೂ ಫೇಲಾಗಿ ಮೈಸೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ.

ನಾನು ಓದಿದೆ, ಕೆಲಸ ಸಿಕ್ಕಿತು, ಮುಂದೆ ಧಮ್ಮ ದೀಕ್ಷೆ ತೆಗೆದುಕೊಂಡೆ. ಪ್ರತಿ ಭಾನುವಾರ ಪಂಚಶೀಲ ಹೇಳುವಾಗ ನಾಲ್ಕನೆಯದು ಬಂದಾಗ, ಸುಳ್ಳು ಹೇಳುವುದಿಲ್ಲ ಎನ್ನುವಾಗ, ಆ ಜಾಮಿಟ್ರಿ ಬಾಕ್ಸ್ ನೆನಪಾಗುತ್ತಿತ್ತು. ಭಾಷಣ ಮಾತ್ರ ಒಮ್ಮೆಯೂ ನೆನಪಾಗಲಿಲ್ಲ. ಅದು ಸುಳ್ಳು ಅಂತಲೇ ನನಗೆ ಅನಿಸಿರಲಿಲ್ಲ.

ಮಜ್ಝಿಮ ನಿಕಾಯದ 58ನೇ ಸುತ್ತದಲ್ಲಿ ಅಭಯ ಅನ್ನುವ ರಾಜಕುಮಾರ ಬರುತ್ತಾನೆ. ಭಗವಾನರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಕು ಅಂತ ಒಂದು ಪ್ರಶ್ನೆ ಹಿಡಿದುಕೊಂಡು ಬಂದಿದ್ದ: ಬೇರೆಯವರಿಗೆ ನೋವಾಗುವ ಮಾತನ್ನು ನೀವು ಆಡುತ್ತೀರಾ? ಹೌದು ಅಂದರೂ ಸಿಕ್ಕಿಬೀಳಬೇಕು, ಇಲ್ಲ ಅಂದರೂ ಸಿಕ್ಕಿಬೀಳಬೇಕು. ಆಗ ಅವನ ತೊಡೆಯ ಮೇಲೆ ಒಂದು ಎಳೆ ಕೂಸು ಮಲಗಿತ್ತು. ಭಗವಾನರು ಕೇಳುತ್ತಾರೆ, ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ? ಅಭಯ ಹೇಳುತ್ತಾನೆ, ಒಂದು ಕೈಯಲ್ಲಿ ತಲೆ ಹಿಡಿದು ಇನ್ನೊಂದು ಕೈಯ ಬೆರಳು ಹಾಕಿ ತೆಗೆಯುತ್ತೇನೆ, ರಕ್ತ ಬಂದರೂ ಸರಿ, ಏಕೆಂದರೆ ಮಗುವಿನ ಮೇಲೆ ನನಗೆ ಕರುಣೆಯಿದೆ. ಆಮೇಲೆ ಭಗವಾನರು ಮಾತನ್ನು ವಿಂಗಡಿಸಿ ತೋರಿಸುತ್ತಾರೆ. ನಿಜವೂ ಹಿತವೂ ಆದದ್ದು ಕಹಿಯಾಗಿದ್ದರೆ, ಆಡುವ ಹೊತ್ತು ತಿಳಿದು ಆಡಬೇಕು.

ಪ್ರವಚನಗಳಲ್ಲಿ ಈ ಕಹಿಮಾತಿನ ಭಾಗವನ್ನೇ ನಾವು ಎತ್ತಿ ಹೇಳುತ್ತೇವೆ. ಅದೇ ವಿಂಗಡಣೆಯಲ್ಲಿ ಇನ್ನೊಂದು ಇದೆ: ಕೇಳುವವರಿಗೆ ಹಿತವೆನಿಸಿ, ಸುಳ್ಳಾಗಿರುವ ಮಾತು. ಅದಕ್ಕೆ ಹೊತ್ತು ನೋಡುವ ಪ್ರಶ್ನೆಯೇ ಇಲ್ಲ. ತಥಾಗತರು ಅದನ್ನು ಆಡುವುದೇ ಇಲ್ಲ.

ಕಳೆದ ವರ್ಷ ನಮ್ಮ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡರು. ಅದಕ್ಕೂ ಒಂದು ವಾಟ್ಸಾಪ್ ಗ್ರೂಪು. ದಿನಾ ಬೆಳಿಗ್ಗೆ ಅದೇ ಮಾತು: ಎಂಥ ದಿನಗಳು, ಆಗ ಜಾತಿಗೀತಿ ಏನೂ ಇರಲಿಲ್ಲ, ಈಗಲೇ ಎಲ್ಲ ಕೆಟ್ಟಿದ್ದು. ಆ ಗ್ರೂಪಿನಲ್ಲಿ ಅವನ ನಂಬರ್ ಇರಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ತಾಯಿಯ ಊರಿಗೆ ಹೋಗಿ ನಂಬರ್ ತಂದು, ಮೈಸೂರಿನಲ್ಲಿ ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಹತ್ತಿರ ಹೋದೆ. ಮರಳಿನ ರಾಶಿ ಪಕ್ಕ ಕೂತು ಟೀ ಕುಡಿಯುತ್ತಾ ಹೇಳಿದೆ. ಅವತ್ತು ನಾನು ಏಳಲಿಲ್ಲ, ನೀನು ಎದ್ದೆ, ತಪ್ಪಾಯ್ತು.

ಅವನು ಹೇಳಿದ್ದು ಹೀಗೆ: "ಅದಕ್ಕೇನ್ಲಾ. ಒಬ್ಬನಾದ್ರೂ ತಪ್ಪಿಸ್ಕೊಂಡ್ನಲ್ಲ ಅಂತ ನಂಗೆ ಅವತ್ತು ಸಮಾಧಾನ್ವೇ ಆಗಿತ್ತು."

ಟೀ ಮುಗಿಸಿ ಲೋಟ ಕೆಳಗಿಟ್ಟು ಮತ್ತೆ ಅಂದ: "ಕೊನೇಲಿ ಭಾಷಣ ಮಾಡ್ದಲ್ಲ, ಒಂದೇ ತಾಯಿ ಮಕ್ಕಳು ಅಂತ. ಅದಕ್ಕೆ ನಾನೂ ಚಪ್ಪಾಳೆ ತಟ್ದೆ ಕಣ್ಲಾ. ಅದು ಮಾತ್ರ ಇವತ್ತಿಗೂ ಹೋಗಿಲ್ಲ."

ನಾನು ಅಂಜಿ ಬಚ್ಚಿಟ್ಟುಕೊಂಡದ್ದನ್ನು ಅವನು ಎಂದೋ ಕ್ಷಮಿಸಿದ್ದ. ಅವನ ಮೂರು ವರ್ಷವನ್ನು ನಾನು ಎರಡು ಚಂದದ ಮಾತಿನಲ್ಲಿ ಅಳಿಸಿಹಾಕಿ, ಅದಕ್ಕೆ ಅವನ ಕೈಯಿಂದಲೇ ಚಪ್ಪಾಳೆ ತಟ್ಟಿಸಿಕೊಂಡಿದ್ದೆ. ಗಂಟಲಲ್ಲಿ ಸಿಕ್ಕಿದ್ದ ಕಲ್ಲು ಯಾವುದು ಅಂತ ಆಗ ತಿಳಿಯಿತು.

ಗುರುವಂದನೆಯಲ್ಲಿ ಮೈಕ್ ಕೊಟ್ಟಾಗ ಇಷ್ಟನ್ನೇ ಹೇಳಿದೆ, ಯಾರನ್ನೂ ಬಯ್ಯಲಿಲ್ಲ. ಹಳೇದೆಲ್ಲ ಯಾಕೀಗ ಅಂತ ಹಿಂದಿನಿಂದ ಒಬ್ಬರು ಅಂದರು. ಊಟದ ಹೊತ್ತಿಗೆ ನಿವೃತ್ತ ಮೇಷ್ಟ್ರು ಹತ್ತಿರ ಬಂದು, "ನಾನು ಹಾಗೆ ನಿಲ್ಲಿಸ್ತಿದ್ನೇನಪ್ಪಾ?" ಅಂತ ಕೇಳಿದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಇದೇ ಮೇಷ್ಟ್ರು ಪರೀಕ್ಷೆ ಮುಂಚೆ ಒಂದು ತಿಂಗಳು ಹಾಸ್ಟೆಲಿಗೇ ಹೋಗಿ ಹುಡುಗರಿಗೆ ಪಾಠ ಹೇಳಿದ್ದರು. ಅದನ್ನೂ ಮೈಕಿನಲ್ಲಿ ಹೇಳಬೇಕಿತ್ತು, ಗಡಿಬಿಡಿಯಲ್ಲಿ ಬಿಟ್ಟೆ. ಅದೊಂದು ಕೊರತೆ ಉಳಿಯಿತು.

ಬಾಬಾಸಾಹೇಬರು ತಮ್ಮ ಶಾಲೆಯ ದಿನಗಳನ್ನು ಹೇಗೆ ನೆನೆದರು ಅಂತ ಆಮೇಲೆ ಮತ್ತೆ ತೆಗೆದು ಓದಿದೆ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಎಲ್ಲ ಬರೆದಿದ್ದಾರೆ. ತಾವು ಬೇರೆ ಮೂಲೆಯಲ್ಲಿ ಕೂರಬೇಕಾಗಿದ್ದದ್ದು, ಗೋಣಿತಟ್ಟನ್ನು ಸಂಜೆ ಮನೆಗೆ ಒಯ್ದು ಬೆಳಿಗ್ಗೆ ತರಬೇಕಾಗಿದ್ದದ್ದು, ಪ್ಯೂನ್ ಬರದ ದಿನ ನೀರಿಲ್ಲ ಅನ್ನುವುದು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲೂ, ಲೆಕ್ಕ ಮಾಡಲು ಅವರನ್ನು ಬೋರ್ಡಿಗೆ ಕರೆದಾಗ, ಅದರ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ತೆಗೆಯಲು ಮಕ್ಕಳು ಓಡಿಬಂದರು ಅಂತ ಜೀವನಚರಿತ್ರೆಯಲ್ಲಿದೆ. ಸಂಸ್ಕೃತ ಕಲಿಯಬೇಕೆಂದರೆ ಕೊಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು.

ಅದೇ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಹೈಸ್ಕೂಲಿನ ಇನ್ನೊಂದು ದಿನವನ್ನು ನೆನೆಯುತ್ತಾರೆ. ಇಂಗ್ಲಿಷ್ ನಾಲ್ಕನೇ ತರಗತಿ ಪಾಸಾದಾಗ ಸಮುದಾಯದವರು ಸನ್ಮಾನ ಸಭೆ ಮಾಡಬೇಕೆಂದರಂತೆ. ಜೀವನಚರಿತ್ರೆ ಬರೆದ ಕೀರ್ ಅವರು ಇದನ್ನು 1907ರ ಮೆಟ್ರಿಕ್ ಸಮಯ ಅನ್ನುತ್ತಾರೆ. ನಾನು ಬಾಬಾಸಾಹೇಬರ ಮಾತನ್ನೇ ಹಿಡಿಯುತ್ತೇನೆ. ತಂದೆ ರಾಮಜಿಯವರು ಒಪ್ಪಲಿಲ್ಲ. ಹುಡುಗ ಒಂದು ಪರೀಕ್ಷೆ ಪಾಸಾಗಿದ್ದಾನೆ ಅಷ್ಟೆ, ತಲೆ ತಿರುಗೀತು ಅಂದರು. ದಾದಾ ಕೇಳುಸ್ಕರ್ ಒಪ್ಪಿಸಿದರು, ಸಭೆಯ ಅಧ್ಯಕ್ಷತೆಯನ್ನೂ ವಹಿಸಿದರು. ಮಾತು ಮುಗಿಸಿ ಹುಡುಗನ ಕೈಗೆ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೊಟ್ಟರು. ಅದನ್ನು ಓದಿದ ಹುಡುಗ ತಂದೆಯನ್ನೇ ಪ್ರಶ್ನೆ ಮಾಡಿದ. ರಾಮಾಯಣ ಮಹಾಭಾರತ ಓದಿಸುವವರು ಬುದ್ಧನನ್ನು ಯಾಕೆ ಓದಿಸಲಿಲ್ಲ ಅಂತ. ಮುಂದೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಆದದ್ದು ನಿಮಗೆ ಗೊತ್ತೇ ಇದೆ.

ಗೋಣಿತಟ್ಟನ್ನೂ ಮರೆಯಲಿಲ್ಲ, ಪುಸ್ತಕವನ್ನೂ ಮರೆಯಲಿಲ್ಲ. ಒಂದನ್ನು ಮುಚ್ಚಲು ಇನ್ನೊಂದನ್ನು ಬಳಸಲಿಲ್ಲ.

ಆ ಮಗಳಿಗೆ ಏನು ಹೇಳಲಿ ಅಂತ ಎರಡು ದಿನ ಯೋಚಿಸಿದೆ. ನಡೆದದ್ದನ್ನೆಲ್ಲ ವೇದಿಕೆಯಲ್ಲಿ ಹೇಳು ಅನ್ನಲು ನನಗೆ ಹಕ್ಕಿಲ್ಲ. ನಾನೇ ಸುಮಾರು 30 ವರ್ಷ ತೆಗೆದುಕೊಂಡವನು. ಅವಳ ಪರೀಕ್ಷೆ ಮುಂದಿದೆ, ಆಂತರಿಕ ಅಂಕ ಅದೇ ಶಾಲೆಯವರ ಕೈಯಲ್ಲಿದೆ. ಹೊತ್ತು ತಿಳಿದು ಅಂತ ಭಗವಾನರು ಹೇಳಿದ್ದು ಇಂಥದ್ದಕ್ಕೇ. ಹೇಳಲಾಗದ್ದನ್ನು ಈಗ ಹೇಳಬೇಡ, ಇಲ್ಲದ್ದನ್ನು ಮಾತ್ರ ಇತ್ತು ಅನ್ನಬೇಡ ಅಂದೆ. ಸಂಜೆ ಹೊಸ ಪ್ರತಿ ಕಳಿಸಿದಳು. ಆ ಸಾಲು ಹೋಗಿತ್ತು. ಅಲ್ಲಿ ಬಿಸಿಯೂಟದ ಅಡುಗೆಯಮ್ಮನ ಬಗ್ಗೆ ನಾಲ್ಕು ಸಾಲು ಬರೆದಿದ್ದಳು. ತಡವಾಗಿ ಬಂದವರಿಗೆ ಅನ್ನ ಎತ್ತಿಡುತ್ತಿದ್ದರಂತೆ. ಒಂದು ಅಕ್ಷರವನ್ನೂ ತಿದ್ದಲಿಲ್ಲ.

ಬರುವ ಭಾನುವಾರ ವಂದನೆ ಮುಗಿದ ಮೇಲೆ ಹತ್ತನೇ ತರಗತಿ ಬರೆಯುವ ನಮ್ಮ ಮಕ್ಕಳಿಗೆಲ್ಲ 'ಬುದ್ಧ ಮತ್ತು ಆತನ ಧಮ್ಮ' ಕೊಡುತ್ತಿದ್ದೇವೆ. ಪುಸ್ತಕ ಕೊಡಲು ಅವನು ಮೈಸೂರಿನಿಂದ ಬರುತ್ತಾನೆ. ಇದನ್ನು ಬರೆಯಲು ಒಪ್ಪಿದ, ಹೆಸರು ಮಾತ್ರ ಹಾಕಬೇಡ ಅಂದ. ಭಾಷಣ ಮಾಡಲ್ಲ, ಬಲವಂತ ಮಾಡಬಾರದು ಅಂತಲೂ ಹೇಳಿದ್ದಾನೆ.

ಜೈಭೀಮ್. ನಮೋ ಬುದ್ಧಾಯ.