ಅಂಕವೂ ಲೇಖವೂ

ಆಡಿದ ಹೊತ್ತಿಗೆ ನಿಜವಾಗಿದ್ದ ಮಾತೊಂದು ಕಾಲ ಕಳೆದಂತೆ ಸುಳ್ಳಾದರೆ, ಆ ಸುಳ್ಳಿನ ದೋಷವು ಯಾರನ್ನು ಸೇರತಕ್ಕದ್ದು? ಹೇಳಿದವನು ಸುಳ್ಳಾಡಲಿಲ್ಲ, ಬರೆದುಕೊಂಡವನು ತಪ್ಪಾಗಿ ಬರೆಯಲಿಲ್ಲ, ನಡುವೆ ಕಾಲವೊಂದೇ ಸರಿಯಿತು. ಹಾಗೆಂದು ಇಲ್ಲಿ ಯಾರ ದೋಷವೂ ಇಲ್ಲವೆನ್ನಬಹುದೆ? ಈ ಪ್ರಶ್ನೆಯು ನನಗೆ ಎದುರಾದದ್ದು ತರ್ಕಗ್ರಂಥದಲ್ಲಲ್ಲ, ಒಂದು ನಾಯಿಯ ದೆಸೆಯಿಂದ. ವಾಚಕರು ನಗಬಹುದು, ಆದರೂ ಕಡೆಯವರೆಗೆ ಓದಬೇಕೆಂದು ಪ್ರಾರ್ಥನೆ.

ಪಶುವಿನ ಮೈಮೇಲೆ ಒಡೆಯನ ಗುರುತನ್ನು ಹಾಕುವ ಪದ್ಧತಿಯು ಹೊಸದಲ್ಲ. ಪಾಠಶಾಲೆಯಲ್ಲಿ ಪಾಣಿನಿಯನ್ನು ಓದಿದವರಿಗೆ, ಪಶುಗಳ ಕಿವಿಯ ಗುರುತನ್ನು ಕುರಿತ ಸೂತ್ರವೊಂದು ನೆನಪಿರಬಹುದು. ಕುಡುಗೋಲಿನ ಗುರುತುಳ್ಳ ಕಿವಿಯ ಪಶುವು ‘ದಾತ್ರಾಕರ್ಣ’ವೆಂದು ದೀರ್ಘವನ್ನು ಪಡೆಯುತ್ತದೆ, ಸ್ವಸ್ತಿಕದ ಗುರುತುಳ್ಳದ್ದು ‘ಸ್ವಸ್ತಿಕಕರ್ಣ’ವಾಗಿಯೇ ಉಳಿಯುತ್ತದೆ. ಪಶುವು ಯಾರದೆಂದು ತಿಳಿಯಪಡಿಸುವುದಕ್ಕಾಗಿಯೇ ಇಂಥ ಗುರುತೆಂದು ಕಾಶಿಕಾವೃತ್ತಿಯು ವಿವರಿಸುತ್ತದೆ. ಕೌಟಿಲ್ಯನ ವಿಧಿಯು ಇನ್ನೂ ಪೂರ್ಣವಾದದ್ದು. ಹುಟ್ಟಿದ ಒಂದೆರಡು ತಿಂಗಳಲ್ಲಿ ಕರುವಿಗೆ ಅಂಕವನ್ನು ಹಾಕಬೇಕು. ಆ ಅಂಕ, ಹುಟ್ಟುಗುರುತು, ಬಣ್ಣ, ಕೊಂಬುಗಳ ಅಂತರ ಇವನ್ನೆಲ್ಲ ಲೆಕ್ಕದಲ್ಲಿ ಬರೆಯಿಸಬೇಕು. ಅಂಕವು ಮೈಮೇಲೆ, ಲೇಖವು ಪುಸ್ತಕದಲ್ಲಿ. ಒಂದಿಲ್ಲದೆ ಇನ್ನೊಂದು ನಿಷ್ಫಲ.

ನಮ್ಮ ಕಾಲದ ಅಂಕಕ್ಕೆ ಮೈಕ್ರೋಚಿಪ್ ಎಂದು ಹೆಸರು. ಬೆಂಗಳೂರಿನಲ್ಲಿಯೂ ಸಾಕುನಾಯಿಗಳಿಗೆ ಇದನ್ನು ಹಾಕಿಸುವವರುಂಟು. ಅಕ್ಕಿಯ ಕಾಳಿನಷ್ಟು ಗಾತ್ರದ ಗಾಜಿನ ಕೊಳವೆಯೊಂದನ್ನು ಸೂಜಿಯ ಮೂಲಕ ನಾಯಿಯ ಹೆಗಲುಗಳ ನಡುವೆ ಚರ್ಮದ ಕೆಳಗೆ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿಯಿಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ, ಆ ಯಂತ್ರದ ರೇಡಿಯೋ ಅಲೆಗಳಿಂದಲೇ ಶಕ್ತಿಯನ್ನು ಪಡೆದು, 15 ಅಂಕಿಗಳ ಒಂದು ಸಂಖ್ಯೆಯನ್ನು ತಿಳಿಸಿ ಸುಮ್ಮನಾಗುತ್ತದೆ. ತಪ್ಪಿಸಿಕೊಂಡ ನಾಯಿ ಎಲ್ಲಿದೆಯೆಂದು ಅದು ಹೇಳದು, ಯಾರದೆಂದೂ ಹೇಳದು. ಸಾಕುವವರ ಹೆಸರು, ವಿಳಾಸ, ಟೆಲಿಫೋನ್ ಸಂಖ್ಯೆಗಳೆಲ್ಲ ಬೇರೊಂದೆಡೆ ದಾಖಲೆಯಲ್ಲಿರುತ್ತವೆ. ಅಂಕವು ನಾಯಿಯ ಆಯುಷ್ಯವಿರುವವರೆಗೂ ಉಳಿಯುವಂಥದು. ಲೇಖವಾದರೋ, ನಾಯಿಯು ಮನೆ ಬದಲಿಸಿದ ದಿನವೇ ಹಳಸಿಹೋಗುತ್ತದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಶಾಸನವೇ ಉಂಟು. 2015ರಲ್ಲಿ ರಚಿತವಾದ ನಿಯಮಗಳಂತೆ 2016ನೆಯ ಏಪ್ರಿಲ್ 6ರಿಂದ ಇದು ಕಡ್ಡಾಯವಾಯಿತು. ಎಂಟು ವಾರ ತುಂಬಿದ ನಾಯಿಗೆ ಚಿಪ್ ಇರತಕ್ಕದ್ದು. ದಾಖಲೆಯ ವಿವರಗಳು ಸದ್ಯದವಾಗಿರತಕ್ಕದ್ದು. ತಪ್ಪಿದವರಿಗೆ ತಿಳಿವಳಿಕೆಯ ಪತ್ರ ಬರುವುದು. 21 ದಿನಗಳಲ್ಲಿ ಸರಿಪಡಿಸದಿದ್ದರೆ 500 ಪೌಂಡುಗಳವರೆಗೆ ದಂಡ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ದಂಡವಲ್ಲ, ಒಂದು ಶಬ್ದ. ಈ ಶಾಸನವು ಹೊಣೆಯನ್ನು ಹೊರಿಸುವಾಗ ‘ಒಡೆಯ’ನೆನ್ನದೆ ‘ಪಾಲಕ’ನೆನ್ನುತ್ತದೆ, ನಾಯಿಯು ಸಾಮಾನ್ಯವಾಗಿ ಯಾರೊಡನೆ ವಾಸಿಸುವುದೋ ಅವನೇ ಪಾಲಕ. ದಾಖಲೆಯಲ್ಲಿ ಹೆಸರಿದ್ದಮಾತ್ರಕ್ಕೆ ಸ್ವಾಮ್ಯವು ಸಿದ್ಧವಾಗುವುದಿಲ್ಲ. ಅಲ್ಲಿ ಕೇಳುವ ಪ್ರಶ್ನೆ ‘ಇದು ಯಾರ ಸೊತ್ತು?’ ಎಂಬುದಲ್ಲ, ‘ಇದಕ್ಕೆ ಇಂದು ಉತ್ತರ ಹೇಳತಕ್ಕವರು ಯಾರು?’ ಎಂಬುದು.

ಇನ್ನು ನನ್ನ ತಪ್ಪನ್ನು ಹೇಳುವೆನು. 2018ರಲ್ಲಿ ನಾನು ಇಂಗ್ಲೆಂಡಿನಲ್ಲಿರುವ ನನ್ನ ಮಗಳ ಮನೆಗೆ ಹೋಗಿದ್ದೆನು. ನೆರೆಮನೆಯ ವೃದ್ಧೆಯೊಬ್ಬಳು ಕೈಲಾಗದೆ ವೃದ್ಧಾಶ್ರಮವನ್ನು ಸೇರುವಾಗ, ತನ್ನ ನಾಯಿಯನ್ನು ನನ್ನ ಮಗಳಿಗೆ ಒಪ್ಪಿಸಿದಳು. ಮಗಳು ಅದಕ್ಕೆ ಚುಚ್ಚುಮದ್ದು ಹಾಕಿಸಿದಳು. ಮಕ್ಕಳು ಅದರೊಡನೆ ಹಾಸಿಗೆ ಹಂಚಿಕೊಂಡವು. ದಾಖಲೆಯಲ್ಲಿ ಹೆಸರನ್ನು ತಿದ್ದಿಸಬೇಕೆಂದು ಅವಳು ಎರಡು ಬಾರಿ ಹೇಳಿದಳು. ನಾನೋ, ಪಂಡಿತನ ಗತ್ತಿನಿಂದ, “ಅನ್ನವಿಟ್ಟವರೇ ಒಡೆಯರಮ್ಮ. ಧರ್ಮರಾಯನ ಹಿಂದೆ ಹೋದ ನಾಯಿಗೆ ಯಾವ ದಾಖಲೆಯಿತ್ತು?” ಎಂದುಬಿಟ್ಟೆನು. ಮನೆಗೆಲಸ, ಕಛೇರಿಯ ಕೆಲಸಗಳ ನಡುವೆ ಅವಳೂ ಆಮೇಲೆ ನೋಡೋಣವೆಂದು ಬಿಟ್ಟಳು.

ನವೆಂಬರ್ 5ರ ರಾತ್ರಿ ಆ ದೇಶದಲ್ಲಿ ಬಾಣಬಿರುಸುಗಳ ಹಬ್ಬ. ಸದ್ದಿಗೆ ಬೆದರಿದ ನಾಯಿಯು ಬೇಲಿ ಹಾರಿ ಓಡಿಹೋಯಿತು. ಪಕ್ಕದ ಪುರಸಭೆಯ ಎಲ್ಲೆಯಲ್ಲಿ ಅದು ಸಿಕ್ಕಿ, ಅಲ್ಲಿಯ ನೌಕರರು ಸಂಖ್ಯೆಯನ್ನು ಓದಿ, ದಾಖಲೆಯಲ್ಲಿದ್ದ ಟೆಲಿಫೋನಿಗೆ ಕರೆ ಮಾಡಿದರು. ಬೀಗ ಹಾಕಿದ ಮನೆಯಲ್ಲಿ ಗಂಟೆ ಬಾರಿಸಿತು. ನಮ್ಮ ಮನೆಯಿಂದ ಆ ಮನೆಗೆ ಇಪ್ಪತ್ತು ಹೆಜ್ಜೆ! ಇತ್ತ ನಾವು ತೋಟಗಳನ್ನೂ ಕಾಲುವೆಯ ದಡವನ್ನೂ ಹುಡುಕುತ್ತಿದ್ದೆವು. ಒಡೆಯರು ಬಾರದ ನಾಯಿಯನ್ನು ಅಲ್ಲಿ ಏಳು ದಿನ ಇಟ್ಟುಕೊಳ್ಳುತ್ತಾರೆ. ಆಮೇಲೆ ಬೇರೆಯವರಿಗೆ ಕೊಡುವುದಕ್ಕೂ, ಕೊಲ್ಲುವುದಕ್ಕೂ ಕೂಡ ಕಾನೂನು ಅವಕಾಶ ಕೊಟ್ಟಿದೆ. ಆರನೆಯ ದಿನ ಮಗಳು ಆ ದೊಡ್ಡಿಯನ್ನು ಕಂಡುಹಿಡಿದಳು. “ಇದು ನಿಮ್ಮದೆಂಬುದಕ್ಕೆ ಏನು ಆಧಾರ?” ಎಂದು ಕೇಳಿದರು. ಚುಚ್ಚುಮದ್ದಿನ ಚೀಟಿಯಿದ್ದುದರಿಂದ ಬದುಕಿದೆವು. ಹಿಂದಿರುಗುವಾಗ ಅವಳು ನನ್ನನ್ನು ಆಕ್ಷೇಪಿಸಲಿಲ್ಲ. “ಬಿಡಿ ಅಪ್ಪ, ಸಿಕ್ಕಿತಲ್ಲ” ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ವಿಚಾರಕ್ಕೆ ಬರೋಣ. ‘ಆಡುವಾಗ ಯಥಾರ್ಥವಿದ್ದರೆ ಸಾಕು, ಮುಂದಿನದಕ್ಕೆ ಆಡಿದವನು ಹೊಣೆಯಲ್ಲ’ ಎಂಬುದು ಪೂರ್ವಪಕ್ಷ. ಬಾಯಿಮಾತಿಗೆ ಇದು ಬಹುಮಟ್ಟಿಗೆ ಸಲ್ಲುತ್ತದೆ. ಏಕೆಂದರೆ ಬಾಯಿಮಾತು ಆಡಿದೊಡನೆ ಮುಗಿಯುತ್ತದೆ. ದಾಖಲೆಯ ಮಾತು ಹಾಗಲ್ಲ. ಕೇಳಿದವರಿಗೆಲ್ಲ, ಕೇಳಿದಾಗಲೆಲ್ಲ, ಅದು ಹೊಸದಾಗಿ ನುಡಿಯುತ್ತದೆ. ನಾವು ಸುಖವಾಗಿ ಮಲಗಿದ್ದಾಗ ಆ ದಾಖಲೆಯು ‘ಈ ನಾಯಿ ವೃದ್ಧೆಯ ಮನೆಯದು’ ಎಂದು ಸುಳ್ಳು ನುಡಿಯುತ್ತಲೇ ಇತ್ತು. ಹಳೆಯ ಬರಹವೆಲ್ಲವೂ ಪಾಪವೆಂದು ನಾನು ಹೇಳುವುದಿಲ್ಲ. ಹೋದ ವರ್ಷದ ಪಂಚಾಂಗದಿಂದ ಯಾರಿಗೂ ಮೋಸವಿಲ್ಲ. ಆದರೆ ಆ ಬರಹವನ್ನು ಇನ್ನೊಬ್ಬರು ನಂಬುವರೆಂದು ನಮಗೆ ಗೊತ್ತಿದ್ದು, ಅದು ಸುಳ್ಳಾಗಿದೆಯೆಂದೂ ಗೊತ್ತಿದ್ದು, ತಿದ್ದುವ ಶಕ್ತಿಯೂ ನಮ್ಮ ಕೈಯಲ್ಲಿದ್ದರೆ, ಆಗ ಮೌನವೇ ಅನೃತವಾಗುತ್ತದೆ. ವೃದ್ಧೆಯ ಸತ್ಯವು ನಮ್ಮ ಆಲಸ್ಯದಿಂದ ನಮ್ಮ ಸುಳ್ಳಾಯಿತು.

ಮೂಕಪ್ರಾಣಿಯ ವಿಷಯದಲ್ಲಿ ಈ ದೋಷವು ಇಮ್ಮಡಿಯಾಗುತ್ತದೆ. ಮನುಷ್ಯನ ಬಗ್ಗೆ ತಪ್ಪು ಬರೆದಿದ್ದರೆ ಅವನು ಬಾಯಿಬಿಟ್ಟು ‘ಹಾಗಲ್ಲ’ ಎನ್ನಬಲ್ಲನು. ನಾಯಿಗೆ ನಾವು ಬರೆಯಿಸಿದ್ದೇ ಮಾತು. ಅನ್ನವನ್ನೂ ಅಕ್ಕರೆಯನ್ನೂ ಕೊಟ್ಟು ಆ ಒಂದು ಮಾತನ್ನು ಕೊಡದಿದ್ದರೆ, ಕೊಟ್ಟದ್ದು ಮನೆಯ ಬಾಗಿಲಾಚೆ ಉಪಯೋಗಕ್ಕೆ ಬಾರದು.

ನಾನು ಉದಾಹರಿಸಿದ ಧರ್ಮರಾಯನೇ ನನ್ನ ವಾದವನ್ನು ಮುರಿದನು. ಅವನ ನಾಯಿಗೆ ಅಂಕವಿರಲಿಲ್ಲ, ಲೇಖವಿರಲಿಲ್ಲ, ನಿಜ. ಆದರೆ ಸ್ವರ್ಗದ ಬಾಗಿಲಲ್ಲಿ ಇಂದ್ರನು ಅದನ್ನು ಬಿಟ್ಟು ಬಾ ಎಂದಾಗ, ನಂಬಿದ್ದನ್ನು ಬಿಡಲಾರೆನೆಂದು ಉತ್ತರ ಹೇಳುವುದಕ್ಕೆ ಪಕ್ಕದಲ್ಲಿಯೇ ಅವನಿದ್ದನು. ದೊಡ್ಡಿಯ ಬಾಗಿಲಲ್ಲಿ ನಮ್ಮ ನಾಯಿಯ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾವಿಲ್ಲದ ಕಡೆ ನಮಗಾಗಿ ಉತ್ತರ ಹೇಳಲೆಂದೇ ಲೇಖವಿರುವುದು.

ನಮ್ಮ ಮಂಡ್ಯ ಸೀಮೆಯ ಆತಕೂರಿನ ಶಾಸನವನ್ನು ವಾಚಕರು ಬಲ್ಲರು. ಕ್ರಿ. ಶ. 950ರ ಸುಮಾರಿನದು, ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನು ತನ್ನ ಒಡೆಯನಲ್ಲಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದೂ, ಅದು ಹಂದಿಯೊಡನೆ ಹೋರಾಡಿ ಜೊತೆಯಲ್ಲಿಯೇ ಸತ್ತುದೂ ಅಲ್ಲಿ ಬರೆದಿದೆ. ಆ ನಾಯಿಯು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದನ್ನು ಸಾವಿರ ವರ್ಷಗಳ ಮೇಲೆ ನಾವು ಇಂದಿಗೂ ಓದಬಹುದು. ಇಪ್ಪತ್ತು ಹೆಜ್ಜೆ ದಾಟಿ ಬಂದ ನಾಯಿಯೊಂದರ ಹೆಸರಿನ ಮುಂದೆ ಒಂದು ವಿಳಾಸವನ್ನು ತಿದ್ದಿಸುವುದು ನಮ್ಮಿಂದಾಗಲಿಲ್ಲ.

ಆ ಸಂಜೆಯೇ ಮಗಳು ವೃದ್ಧೆಯ ಒಪ್ಪಿಗೆಯನ್ನು ಪಡೆದು ತಿದ್ದುವ ಕೆಲಸಕ್ಕೆ ಕುಳಿತಳು. ಅರ್ಧ ಗಂಟೆಯೂ ಹಿಡಿಯಲಿಲ್ಲ. ನಾಯಿಯು ಅವಳ ಕಾಲ ಬಳಿ ನಿದ್ರಿಸುತ್ತಿದ್ದಿತು.